ಸೇಡಂ ರಸ್ತೆಯ ಹದಿನೆಂಟು ಕಿಲೋಮೀಟರ್

2016ರಲ್ಲಿ ಪುಣೆಯ ಕೆಲಸ ಬಿಟ್ಟು ಕಲಬುರಗಿಗೆ ಬಂದೆ. ಅಪ್ಪನಿಗೆ ಲಕ್ವಾ ಹೊಡೆದಿತ್ತು. ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ದಾಲ್ ಮಿಲ್ ಇದೆ. ತಮ್ಮ ಇನ್ನೂ ಓದುತ್ತಿದ್ದ. ಒಂದು ತೊಗರಿ ಸೀಸನ್ ನೋಡಿಕೊಂಡು ವಾಪಸ್ ಹೋಗೋಣ ಅಂದುಕೊಂಡಿದ್ದೆ. ಒಂದು ಹೋಗಿ ಏಳು ಸೀಸನ್ ಆಯಿತು.

ಪುಣೆಯಲ್ಲಿ ನನ್ನ ಕೆಲಸ ಕಾರುಗಳ ರೈಡ್ ಅಂಡ್ ಹ್ಯಾಂಡ್ಲಿಂಗ್ ಹೊಂದಿಸುವುದು. ರಸ್ತೆಯ ಏರುಪೇರು ಒಳಗೆ ಕೂತವರಿಗೆ ಎಷ್ಟು ತಾಗುತ್ತದೆ ಅನ್ನುವುದು ರೈಡ್. ಸ್ಟೀರಿಂಗ್ ತಿರುಗಿಸಿದರೆ ಗಾಡಿ ಎಷ್ಟು ಮಾತು ಕೇಳುತ್ತದೆ ಅನ್ನುವುದು ಹ್ಯಾಂಡ್ಲಿಂಗ್. ಇವೆರಡಕ್ಕೂ ಯಾವಾಗಲೂ ಜಗಳ. ಸ್ಪ್ರಿಂಗ್ ಮೆತ್ತಗೆ ಮಾಡಿದರೆ ಕೂತವರಿಗೆ ಹಾಯ್ ಅನ್ನಿಸುತ್ತದೆ, ಆದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಬಿಗಿ ಮಾಡಿದರೆ ವಾಲುವುದಿಲ್ಲ, ಸೊಂಟ ಹಿಡಿಯುತ್ತದೆ. ಸ್ಪ್ರಿಂಗ್, ಶಾಕಪ್, ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್, ಎಡಬಲದ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರ್, ಟೈರು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬದಲಿಸಿ, ಓಡಿಸಿ ನೋಡಿ, ಮತ್ತೆ ಬದಲಿಸುವುದು ನಮ್ಮ ದಿನದ ಕೆಲಸ. ಒಂಬತ್ತು ವರ್ಷ ಅದನ್ನು ಪ್ರೀತಿಯಿಂದ ಮಾಡಿದ್ದೆ.

ಊರಿಗೆ ಬಂದ ಮೇಲೂ ಆ ಕೆಲಸ ತಲೆಯಿಂದ ಹೋಗಲಿಲ್ಲ. ಅದಕ್ಕೆ ಕಾರಣ ಅಪ್ಪನೇ. ತೋರಿಸಿಕೊಂಡು ಬರಲು ಅವರನ್ನು ಹುಮನಾಬಾದ್ ಮೇಲೆ ಹೈದರಾಬಾದಿಗೆ ಕರೆದುಕೊಂಡು ಹೋಗುತ್ತಿದ್ದೆವು. ಎಡಗೈ ಸ್ವಾಧೀನ ಇರಲಿಲ್ಲ. ಸೀಟಿನಲ್ಲಿ ಮೈ ಹಿಡಿದಿಟ್ಟುಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ. ಒಂದು ಕಡೆಯ ಚಕ್ರ ಗುಂಡಿಗೆ ಇಳಿದರೆ ತಲೆ ಈ ಕಡೆಯಿಂದ ಆ ಕಡೆಗೆ ತೂಗುತ್ತಿತ್ತು. ಸೇತುವೆಯ ಪ್ರತಿ ಜಾಯಿಂಟಿಗೂ ಕಣ್ಣು ಮುಚ್ಚುತ್ತಿದ್ದರು. ಆ ತೂಗಾಟ ಗಾಡಿಯ ಯಾವ ಭಾಗದಿಂದ ಬರುತ್ತಿದೆ, ಅದನ್ನು ಹೇಗೆ ಕಡಿಮೆ ಮಾಡಬಹುದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹಿಂದಿನ ಸೀಟಿನಲ್ಲಿ ಅವರ ತಲೆ ಹಿಡಿದು ಕೂತಿದ್ದೆ. ಈ ಕೆಲಸಕ್ಕೆ ಮತ್ತೆ ಹೋಗಲೇಬೇಕು ಅಂತ ಮನಸ್ಸು ಮಾಡಿದ್ದು ಆ ದಾರಿಯಲ್ಲಿ.

2022ಕ್ಕೆ ತಮ್ಮ ಮಿಲ್ ನೋಡಿಕೊಳ್ಳುವ ಮಟ್ಟಕ್ಕೆ ಬಂದ. ಅಪ್ಪ ಕೋಲು ಹಿಡಿದು ನಡೆಯುವಂತಾದರು. ನಾನು ಅರ್ಜಿ ಹಾಕಲು ಶುರು ಮಾಡಿದೆ. ಒಂದು ಕಂಪನಿಯಿಂದ ಫೋನ್ ಬಂತು. ಲೆಕ್ಕದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟೆ. ಆಮೇಲೆ ಆ ಕಡೆಯವರು ಒಂದು ಸರಳ ಪ್ರಶ್ನೆ ಕೇಳಿದರು: 'ನೀವು ಈಗ ಓಡಿಸುವ ಕಾರು 80ರ ವೇಗದಲ್ಲಿ ಅಲೆ ಅಲೆ ಇರುವ ರಸ್ತೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ, ಹೇಳಿ.' ನನ್ನ ಬಾಯಿಗೆ ಬಂದದ್ದು 'ಸುಮಾರಾಗಿದೆ' ಅನ್ನುವ ಮಾತು ಮಾತ್ರ. ದಿನಾ ಓಡಿಸುವ ಗಾಡಿ! ಒಂದು ಕಾಲದಲ್ಲಿ ಇದೇ ಪ್ರಶ್ನೆಗೆ ಎರಡು ಪುಟ ಬರೆಯುತ್ತಿದ್ದೆ. ಸೂತ್ರಗಳು ತಲೆಯಲ್ಲಿ ಉಳಿದಿದ್ದವು, ಬೆನ್ನು ಮತ್ತು ಅಂಗೈ ಮಾತ್ರ ಮರೆತುಬಿಟ್ಟಿದ್ದವು. ಆ ಕೆಲಸ ಸಿಗಲಿಲ್ಲ. ಸಿಗದಿದ್ದದ್ದು ಸರಿಯಾಗಿಯೇ ಇತ್ತು.

ಅವತ್ತು ರಾತ್ರಿ ಒಂದು ನಿರ್ಧಾರ ಮಾಡಿದೆ. ಮೊದಲು ಪುಸ್ತಕ ಹಿಡಿಯುವುದಿಲ್ಲ, ಮೊದಲು ಕೂತು ಓಡಿಸುವುದನ್ನು ಕಲಿಯುತ್ತೇನೆ. ಒಂದೇ ಗಾಡಿ, ಒಂದೇ ರಸ್ತೆ, ಒಂದೇ ಹೊತ್ತು. ಗಾಡಿ ನನ್ನ ಹಳೇ ಹ್ಯಾಚ್‌ಬ್ಯಾಕ್. ರಸ್ತೆ ಸೇಡಂ ರಸ್ತೆ. ಊರು ದಾಟಿದ ಮೇಲೆ ಮಳಖೇಡದ ದಿಕ್ಕಿಗೆ ಹದಿನೆಂಟು ಕಿಲೋಮೀಟರ್ ಆರಿಸಿಕೊಂಡೆ. ಹೊತ್ತು ಬೆಳಗ್ಗೆ ಐದೂವರೆ, ಸಿಮೆಂಟ್ ಲಾರಿಗಳ ಸಾಲು ಶುರುವಾಗುವ ಮೊದಲು.

ಆ ರಸ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಕಿದ ಡಾಂಬರು ಒಂದೆರಡು ವರ್ಷದಲ್ಲಿ ಉದ್ದುದ್ದ ಅಲೆ ಹಿಡಿಯುತ್ತದೆ. ಕಣ್ಣಿಗೆ ರಸ್ತೆ ನುಣ್ಣಗೆ ಕಾಣುತ್ತದೆ, ಗಾಡಿ ಮಾತ್ರ ದೋಣಿಯ ಹಾಗೆ ಏಳುತ್ತದೆ, ಇಳಿಯುತ್ತದೆ. ಮೋರಿಗಳ ಹತ್ತಿರ ಎರಡೂ ಕಡೆ ಮಣ್ಣು ಕುಸಿದು ಚೂಪು ಮೆಟ್ಟಿಲು ಉಳಿದಿರುತ್ತದೆ. ಲಾರಿ ಚಕ್ರಗಳು ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಎರಡು ಕಾಲುವೆ ಕೊರೆದಿರುತ್ತವೆ. ಆ ಕಾಲುವೆ ಸ್ಟೀರಿಂಗನ್ನು ಎಳೆಯುತ್ತದೆ. ಹಳ್ಳಿ ಬಂದರೆ ಸ್ಪೀಡ್ ಬ್ರೇಕರ್. ಉದ್ದ ಅಲೆ, ಚೂಪು ಏಟು, ಎಳೆತ, ಒಂದೊಂದೇ ಚಕ್ರಕ್ಕೆ ಬೀಳುವ ಗುಂಡಿ. ರೈಡ್ ಕಲಿಯುವವನಿಗೆ ಇದಕ್ಕಿಂತ ಇನ್ನೇನು ಬೇಕು?

ಮೊದಲ ವಾರವೇ ತಪ್ಪು ಮಾಡಿದೆ. ಗಾಡಿಯ ಹಿಂಭಾಗ ಕಟಕಟ ಅಂತ ಕುಟ್ಟುತ್ತಿತ್ತು. 'ಹಿಂದಿನ ಶಾಕಪ್ ಹೋಗಿದೆ' ಅಂತ ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಎರಡು ದಿನ ಆದ ಮೇಲೆ ಗಾಳಿ ನೋಡಿದರೆ ಹಿಂದಿನ ಎರಡೂ ಟೈರಿನಲ್ಲಿ 41 ಪಿಎಸ್‌ಐ! ಇರಬೇಕಾದದ್ದು 33. ಗಾಳಿ ಜಾಸ್ತಿ ಆದರೆ ಟೈರೇ ಒಂದು ಬಿಗಿ ಸ್ಪ್ರಿಂಗ್ ಆಗುತ್ತದೆ. ಪಾಪ, ಶಾಕಪ್ ಏನು ಮಾಡೀತು? ಅವತ್ತೇ ಒಂದು ಒಳ್ಳೆಯ ಗೇಜ್ ತಂದೆ. ಅಂದಿನಿಂದ ಇವತ್ತಿನವರೆಗೆ ಗೇಜ್ ಹಚ್ಚದೆ ಒಂದು ಅಂಕವನ್ನೂ ಬರೆದಿಲ್ಲ. ನಮ್ಮ ಕಡೆ ಇದು ಇನ್ನೂ ಮುಖ್ಯ. ಮೇ ತಿಂಗಳಲ್ಲಿ ಬೆಳಗ್ಗೆ 27 ಡಿಗ್ರಿ ಇದ್ದದ್ದು ಮಧ್ಯಾಹ್ನ 42 ಆಗುತ್ತದೆ. ನಿಂತ ಗಾಡಿಯ ಟೈರಿನಲ್ಲೇ ಎರಡಕ್ಕಿಂತ ಜಾಸ್ತಿ ಪಿಎಸ್‌ಐ ಏರುತ್ತದೆ. ಬೆಳಗಿನ ಅನುಭವವನ್ನು ಮಧ್ಯಾಹ್ನದ ಅನುಭವಕ್ಕೆ ಹೋಲಿಸಿದರೆ ಬೇರೆ ಗಾಡಿಯನ್ನೇ ಹೋಲಿಸಿದ ಹಾಗೆ.

ಆಮೇಲೆ ಮಾತಿನ ಸಮಸ್ಯೆ. ನಮ್ಮ ಕೆಲಸದಲ್ಲಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತೇವೆ, ಅಂಕ ಜಾಸ್ತಿ ಆದಷ್ಟೂ ಗಾಡಿ ಹಿತ. ಅರ್ಧ ಅಂಕದ ವ್ಯತ್ಯಾಸಕ್ಕೆ ತಿಂಗಳುಗಟ್ಟಲೆ ಕೆಲಸ ಇರುತ್ತದೆ. ಆದರೆ ಅಂಕ ಕೊಡುವ ಮೊದಲು ಏನಾಯಿತು ಅಂತ ಹೇಳಲು ಬರಬೇಕು. ಇಂಗ್ಲಿಷ್ ಪದಗಳೆಲ್ಲ ನೆನಪಿದ್ದವು. ಅವು ಬಾಯಲ್ಲಿ ಇದ್ದವು, ಮೈಯಲ್ಲಿ ಇರಲಿಲ್ಲ. ಹಾಗಾಗಿ ಕನ್ನಡದಲ್ಲಿ ಬರೆಯತೊಡಗಿದೆ. ಉದ್ದ ಅಲೆಯ ಮೇಲೆ ಮೈ ಹಗುರಾಗಿ ಏಳುವುದು 'ತೇಲು'. ಇಳಿದ ಮೇಲೂ ನಿಲ್ಲದೆ ಇನ್ನೊಂದು ಸಲ ಆಡುವುದು 'ಜೋಕಾಲಿ'. ಚೂಪು ಅಂಚಿಗೆ ಬೀಳುವ ಏಟು 'ಕುಟ್ಟು'. ಏಟು ಮುಗಿದ ಮೇಲೆ ನೆಲದಲ್ಲಿ ಉಳಿಯುವ ನಡುಕ 'ಝುಮ್ಮು'. ಒಂದೇ ಕಡೆಯ ಗುಂಡಿಗೆ ತಲೆ ಆಚೀಚೆ ಹೋಗುವುದು 'ತಲೆತೂಗು'. ಅಪ್ಪನಿಗೆ ಆಗುತ್ತಿದ್ದದ್ದು ಅದೇ. ಈ ಪದಗಳು ಸಿಕ್ಕ ಮೇಲೆ ಒಂದೊಂದನ್ನೂ ಬೇರೆ ಬೇರೆಯಾಗಿ ಗುರುತಿಸಲು ಬಂತು. ನನ್ನ ಪ್ರಕಾರ ಈ ಕೆಲಸಕ್ಕೆ ಬರುವ ನಮ್ಮ ಹುಡುಗರು ಮೊದಲು ತಮ್ಮ ಭಾಷೆಯಲ್ಲೇ ಬರೆದುಕೊಳ್ಳಬೇಕು. ವರದಿಯ ಭಾಷೆ ಆಮೇಲೆ ಬರುತ್ತದೆ.

ಎರಡನೇ ತಿಂಗಳು ಲೆಕ್ಕಕ್ಕೆ ಕೈ ಹಾಕಿದೆ. ಅದಕ್ಕೆ ಮಿಲ್ ತುಂಬಾ ಸಹಾಯ ಮಾಡಿತು. ಮೊದಲು ಗಾಡಿಯನ್ನು ಲಾರಿ ಕಾಟಾದ ಮೇಲೆ ನಿಲ್ಲಿಸಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ತೂಕ ಮಾಡಿದೆ. ಚಕ್ರ, ಆಕ್ಸಲ್‌ಗಳ ತೂಕ ಕಳೆದರೆ ಹಿಂದಿನ ಒಂದೊಂದು ಸ್ಪ್ರಿಂಗ್ ಹೊರುವ ಭಾರ ಸುಮಾರು 200 ಕೆಜಿ. ಆಮೇಲೆ ಸೀಟು ಮಡಚಿ, ಸರಿಯಾಗಿ ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ 50 ಕೆಜಿಯ ಎರಡು ತೊಗರಿ ಚೀಲ ಇಟ್ಟೆ. ಗಾಡಿಯನ್ನು ನಾಲ್ಕು ಸಲ ಕುಲುಕಿ ನೆಲದಿಂದ ಮಡ್‌ಗಾರ್ಡಿನ ಎತ್ತರ ಅಳೆದೆ. 28 ಮಿಲಿಮೀಟರ್ ಇಳಿದಿತ್ತು. ಒಂದು ಚಕ್ರಕ್ಕೆ 50 ಕೆಜಿ, ಅಂದರೆ 490 ನ್ಯೂಟನ್‌ಗೆ 28 ಮಿಲಿಮೀಟರ್. ಮೀಟರ್ ಲೆಕ್ಕದಲ್ಲಿ ಸ್ಪ್ರಿಂಗಿನ ಬಿಗಿ 17,500 ನ್ಯೂಟನ್. ಈ ಬಿಗಿಯನ್ನು 200 ಕೆಜಿಯಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈನಿಂದ ಭಾಗಿಸಿದರೆ 1.5 ಹರ್ಟ್ಜ್ ಬರುತ್ತದೆ. ಅಂದರೆ ಹಿಂಭಾಗವನ್ನು ಒತ್ತಿ ಬಿಟ್ಟರೆ ಅದು ಸೆಕೆಂಡಿಗೆ ಒಂದೂವರೆ ಸಲ ಆಡಲು ಬಯಸುತ್ತದೆ.

ಈ ಸಂಖ್ಯೆ ಕೈಯಲ್ಲಿ ಹಿಡಿದು ಸೇಡಂ ರಸ್ತೆಗೆ ಹೋದೆ. ತೇಲು ಜಾಸ್ತಿ ಇರುವ ಜಾಗದಲ್ಲಿ ಗಾಡಿ ನಿಲ್ಲಿಸಿ, ಬದಿಯಲ್ಲಿ ನಡೆದು, ಒಂದು ಉಬ್ಬಿನಿಂದ ಇನ್ನೊಂದು ಉಬ್ಬಿಗೆ ಹೆಜ್ಜೆ ಎಣಿಸಿದೆ. ಸುಮಾರು 15 ಮೀಟರ್. 80ರ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. 22ನ್ನು 15ರಿಂದ ಭಾಗಿಸಿ. ಮತ್ತೆ ಅದೇ ಒಂದೂವರೆ! ರಸ್ತೆ ಸೆಕೆಂಡಿಗೆ ಒಂದೂವರೆ ಸಲ ತಳ್ಳುತ್ತಿದೆ, ಗಾಡಿಗೂ ಅಷ್ಟೇ ಆಡಬೇಕೆಂಬ ಆಸೆ. ಜೋಕಾಲಿಯನ್ನು ಅದರ ಲಯಕ್ಕೇ ತಳ್ಳಿದ ಹಾಗೆ. 60ಕ್ಕೆ ಇಳಿದರೆ ತಳ್ಳುವ ಲಯ 1.1ಕ್ಕೆ ಬರುತ್ತದೆ, ಗಾಡಿ ಸುಮ್ನಾಗುತ್ತದೆ. 60ರಲ್ಲಿ ಸರಿ ಇರುವ ಗಾಡಿ 80ರಲ್ಲಿ ಯಾಕೆ ಎತ್ತಿ ಹಾಕುತ್ತದೆ ಅಂತ ನಮ್ಮೂರಿನ ಡ್ರೈವರ್‌ಗಳು ಕೇಳುತ್ತಿರುತ್ತಾರೆ. ಉತ್ತರ ಎರೆ ಮಣ್ಣಿನ ಆ ಹದಿನೈದು ಮೀಟರಿನಲ್ಲಿದೆ. ಆ ಬೆಳಗ್ಗೆ ರಸ್ತೆ ಬದಿಯ ತೊಗರಿ ಹೊಲದ ಪಕ್ಕ ನಿಂತು ನನಗಾದ ಖುಷಿ ಇಷ್ಟಿಷ್ಟಲ್ಲ. ಏಳು ವರ್ಷದ ನಂತರ ಲೆಕ್ಕ ಮತ್ತು ಮೈ ಒಂದೇ ಮಾತು ಹೇಳಿದ್ದವು.

ಇದೇ ಲಯದ ಆಟವನ್ನು ಮಿಲ್ಲಿನಲ್ಲಿ ದಿನಾ ನೋಡುತ್ತಿದ್ದೆ, ಗಮನಿಸಿರಲಿಲ್ಲ. ಬೇಳೆ ಜರಡಿ ಹಿಡಿಯುವ ಮಷಿನ್ ಓಡುವಾಗ ಸುಮ್ಮನಿರುತ್ತದೆ. ಬಂದ್ ಮಾಡಿದಾಗ, ನಿಲ್ಲುವ ಮುಂಚೆ ಒಮ್ಮೆ ಕುಣಿಯುತ್ತದೆ. ನಮ್ಮ ಹಮಾಲಿ ಕಾಕಾ ಕೇಳಿದ್ದ: 'ಸಾವ್ಕಾರ್ರೆ, ಚಾಲೂ ಇದ್ದಾಗ ಸುಮ್ಮ ಇರ್ತದ, ಬಂದ್ ಮಾಡಿದ್ರ ಯಾಕ್ರಿ ಹಿಂಗ್ ಕುಣಿತದ?' ವೇಗ ಇಳಿಯುತ್ತಾ ಬರುವಾಗ ಅದು ತನ್ನ ಸ್ವಂತ ಲಯದ ಮೂಲಕ ಹಾದು ಹೋಗಬೇಕು, ಅದಕ್ಕೆ. ಅವನಿಗೆ ಅದನ್ನು ವಿವರಿಸಿದ್ದೇ ನನಗೂ ಒಳ್ಳೆಯ ಅಭ್ಯಾಸವಾಯಿತು.

ಶಾಕಪ್ ವಿಷಯಕ್ಕೆ ಬರುತ್ತೇನೆ. ಸ್ಪ್ರಿಂಗ್ ಆಡಲು ಬಯಸುತ್ತದೆ, ಶಾಕಪ್ ಆ ಆಟವನ್ನು ನಿಲ್ಲಿಸುತ್ತದೆ. ರಿಂಗ್ ರೋಡಿನ ಹತ್ತಿರ ಒಬ್ಬ ಚಾಚಾ ಇದ್ದಾರೆ. ಮೂವತ್ತು ವರ್ಷದಿಂದ ಸಸ್ಪೆನ್ಷನ್ ಕೆಲಸವೇ ಅವರದು. ಹಿಂದಿನ ಶಾಕಪ್ ಬಿಚ್ಚಿ ಕೊಡಿ ಅಂದೆ. 'ಆಯಿಲ್ ಲೀಕ್ ಇಲ್ರಿ, ಸುಮ್ನೆ ಯಾಕ್ ತೆಗಸ್ತೀರಿ?' ಅಂದರು. ನನ್ನ ನೋಟ್‌ಬುಕ್ ತೋರಿಸಿದೆ. ಜೋಕಾಲಿಗೆ ಹತ್ತಕ್ಕೆ ಐದು ಅಂಕ ಇತ್ತು. ಓದಿ ನಕ್ಕು, ಬಿಚ್ಚಿದರು. ಬಿಚ್ಚಿದ ಶಾಕಪ್ಪನ್ನು ನೆಟ್ಟಗೆ ನಿಲ್ಲಿಸಿ, ಐದಾರು ಸಲ ಪೂರ್ತಿ ಎಳೆದು ಒತ್ತಿ, ಆಮೇಲೆ ನನ್ನ ಕೈಗೆ ಕೊಟ್ಟರು. ಎರಡು ಕೊಳವೆಯ ಶಾಕಪ್ ಮಲಗಿಸಿಟ್ಟರೆ ಒಳಗೆ ಗಾಳಿ ಸೇರುತ್ತದೆ. ಹಾಗೆ ಎಳೆದು ಒತ್ತದೆ ಕೈ ಹಾಕಿದರೆ ಒಳ್ಳೆಯದೂ ಕೆಟ್ಟದ್ದರ ಹಾಗೆ ಅನ್ನಿಸುತ್ತದೆ. ಎಳೆಯುವುದು ನಿಂತು ಒತ್ತುವುದು ಶುರುವಾಗುವ ಕಡೆ ಒಂದಿಷ್ಟು ದೂರ ಏನೂ ತಡೆ ಇರಲಿಲ್ಲ. 'ನೋಡ್ರಿ, ಇಲ್ಲಿ ಖಾಲಿ ಹೊಡಿತದ' ಅಂದರು ಚಾಚಾ. ಅಳತೆಯ ಮಷಿನ್ ಮೇಲೆ ಹಾಕಿದ್ದರೆ ಗ್ರಾಫಿನಲ್ಲಿ ಕಾಣುವುದೂ ಅದೇ. ಅವರ ಅಂಗೈಯಲ್ಲೇ ಆ ಗ್ರಾಫ್ ಇತ್ತು.

ಹೊಸ ಜೋಡಿ ಹಾಕಿಸಿದೆ. ಮರುದಿನ ಅದೇ ರಸ್ತೆ, ಅದೇ ಗಾಳಿ, ಅದೇ ವೇಗ. ಜೋಕಾಲಿ ಐದರಿಂದ ಏಳಕ್ಕೆ ಹೋಯಿತು. ಆದರೆ ಮೋರಿಯ ಅಂಚಿನಲ್ಲಿ ಕುಟ್ಟು ಆರೂವರೆಯಿಂದ ಆರಕ್ಕೆ ಇಳಿಯಿತು. ಯಾಕೆ ಅಂದರೆ ಉದ್ದ ಅಲೆಯಲ್ಲಿ ಶಾಕಪ್ ನಿಧಾನಕ್ಕೆ ಆಡುತ್ತದೆ, ಸೆಕೆಂಡಿಗೆ ಹತ್ತಿಪ್ಪತ್ತು ಸೆಂಟಿಮೀಟರ್. ಚೂಪು ಅಂಚಿನಲ್ಲಿ ಸೆಕೆಂಡಿಗೆ ಒಂದು ಮೀಟರ್ ದಾಟಬಹುದು. ನಿಧಾನದಲ್ಲಿ ಬಿಗಿ ಬೇಕು, ಜೋರಿನಲ್ಲಿ ಬಿಟ್ಟುಕೊಡಬೇಕು. ಕೆಳಗೆ ಒತ್ತುವಾಗ ಮೆತ್ತಗೆ, ಮೇಲೆ ಏಳುವಾಗ ಬಿಗಿ. ಒಳಗಿನ ತೆಳು ತಗಡಿನ ಬಿಲ್ಲೆಗಳನ್ನು ಬದಲಿಸಿ ಇದನ್ನೆಲ್ಲ ಹೊಂದಿಸುವುದೇ ನಮ್ಮ ಕೆಲಸದ ಮುಕ್ಕಾಲು ಪಾಲು.

ಒಬ್ಬನೇ ಓಡಿಸಿದರೆ ಸಾಲದು ಅಂತ ಅವ್ವನನ್ನು ಹಿಂದೆ ಕೂರಿಸಿಕೊಂಡು ಹೋಗತೊಡಗಿದೆ. ಅವಳಿಗೆ ಏನು ಬದಲಿಸಿದ್ದೇನೆ ಅಂತ ಹೇಳುತ್ತಿರಲಿಲ್ಲ. ಅವಳ ಮಾತು ಎರಡೇ ತರ. 'ಹೊಟ್ಟಿ ತೊಳಸ್ತದ' ಅಥವಾ 'ಸೊಂಟ ಹಿಡಿತದ'. ಇದನ್ನು ಹಗುರ ಮಾತು ಅಂದುಕೊಳ್ಳಬೇಡಿ. ಮೈಗೆ ತಾಗುವ ನಡುಕವನ್ನು ಅಳೆಯುವ ಐಎಸ್‌ಒ 2631 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಮಾಡುವುದೂ ಇದೇ ವಿಂಗಡಣೆ. ಅರ್ಧ ಹರ್ಟ್ಜ್‌ಗಿಂತ ಕೆಳಗಿನ ನಿಧಾನದ ತೂಗಾಟ ಹೊಟ್ಟೆಗೆ ಬರುತ್ತದೆ. ಮೇಲೆ ಕೆಳಗೆ ಆಗುವ ನಡುಕದಲ್ಲಿ 4ರಿಂದ 8 ಹರ್ಟ್ಜ್ ಮೈಗೆ ಎಲ್ಲಕ್ಕಿಂತ ಜಾಸ್ತಿ ತಾಗುತ್ತದೆ. ಅವ್ವ 'ಸೊಂಟ' ಅಂದ ದಿನ ಸೀಟಿನ ಹಳಿಗೆ ಗಟ್ಟಿಯಾಗಿ ಅಂಟಿಸಿದ ಫೋನಿನ ದಾಖಲೆ ತೆಗೆದು ನೋಡುತ್ತಿದ್ದೆ. ಫೋನ್ ಸೆಕೆಂಡಿಗೆ ನೂರು ಸಲ ಅಳೆಯುತ್ತದೆ, ಇಷ್ಟಕ್ಕೆ ಅದು ಸಾಕು. ಅದರ ಗ್ರಾಫಿನಲ್ಲಿ ಒಂದೂವರೆ ಹರ್ಟ್ಜ್‌ನಲ್ಲಿ ಒಂದು ಗುಡ್ಡ, ಚಕ್ರ ತಾನೇ ಕುಣಿಯುವ 12ರ ಹತ್ತಿರ ಇನ್ನೊಂದು. ಅವ್ವನ ದೂರು ನಡುವಿನ ಜಾಗದ್ದು.

1930ರ ದಶಕದಲ್ಲಿ ಮಾರಿಸ್ ಓಲಿ ಅನ್ನುವ ಎಂಜಿನಿಯರ್ ರೋಲ್ಸ್ ರಾಯ್ಸ್‌ನಿಂದ ಜನರಲ್ ಮೋಟರ್ಸ್‌ಗೆ ಬಂದು ಇದನ್ನೇ ಮಾಡಿದ. ಒಂದು ದೊಡ್ಡ ಕಾರಿನ ಮುಂದೆ ಹಿಂದೆ ಭಾರಗಳನ್ನು ಸರಿಸುವಂತೆ ಕಟ್ಟಿ, ಹಾಗೆ ಹೀಗೆ ಬದಲಿಸಿ, ಜನರನ್ನು ಕೂರಿಸಿ, ಯಾವುದು ಹಿತ ಅಂತ ಕೇಳಿದ. ಹಿಂದಿನ ಸ್ಪ್ರಿಂಗ್ ಮುಂದಿನದಕ್ಕಿಂತ ತುಸು ಚುರುಕಾಗಿರಬೇಕು ಅನ್ನುವ ನಿಯಮ ಬಂದದ್ದು ಹಾಗೆ. ಉಬ್ಬು ಮೊದಲು ಮುಂದಿನ ಚಕ್ರಕ್ಕೆ ಸಿಗುತ್ತದೆ, ಹಿಂದಿನದಕ್ಕೆ ತಡವಾಗಿ. ಹಿಂಭಾಗ ಚುರುಕಾಗಿದ್ದರೆ ಮುಂಭಾಗವನ್ನು ಹಿಡಿದುಬಿಡುತ್ತದೆ. ಆಗ ಗಾಡಿ ಮೂಗು ಆಡಿಸದೆ ಮಟ್ಟಸವಾಗಿ ಏಳುತ್ತದೆ, ಇಳಿಯುತ್ತದೆ. ಇವತ್ತಿಗೂ ನಾವು ಶುರು ಮಾಡುವುದು ಅಲ್ಲಿಂದಲೇ.

ಹ್ಯಾಂಡ್ಲಿಂಗ್ ಬಗ್ಗೆ ಒಂದು ಮಾತು ಖಡಕ್ಕಾಗಿ ಹೇಳುತ್ತೇನೆ. ಅದನ್ನು ಊರ ರಸ್ತೆಯಲ್ಲಿ ಕಲಿಯಲು ಹೋಗಬೇಡಿ. ಜೋರಾಗಿ ಲೇನ್ ಬದಲಿಸುವ ಪರೀಕ್ಷೆ, ವೃತ್ತದಲ್ಲಿ ಹಿಡಿತ ತಪ್ಪುವವರೆಗೆ ಓಡಿಸುವ ಪರೀಕ್ಷೆ ಇವೆಲ್ಲ ಟೆಸ್ಟ್ ಟ್ರ್ಯಾಕಿನವು. ಎದುರಿಗೆ ಎತ್ತಿನ ಗಾಡಿ, ಟಂಟಂ, ಶಾಲೆಗೆ ಹೋಗುವ ಮಕ್ಕಳು ಬರುವ ರಸ್ತೆಯವಲ್ಲ. ನಾನು ಮಾಡಿದ್ದು ಇಷ್ಟೇ: ಖಾಲಿ ನೇರ ರಸ್ತೆಯಲ್ಲಿ 70ರ ವೇಗದಲ್ಲಿ ಸ್ಟೀರಿಂಗನ್ನು ಬೆರಳಷ್ಟು ಅಲುಗಾಡಿಸಿ, ಗಾಡಿ ಯಾವಾಗ ಕೇಳಲು ಶುರು ಮಾಡುತ್ತದೆ, ಕೈಗೆ ಭಾರ ಹೇಗೆ ಏರುತ್ತದೆ ಅಂತ ನೋಡುವುದು. ಉಳಿದದ್ದನ್ನು ಸಂಜೆ ಕಂಪ್ಯೂಟರಿನಲ್ಲಿ ಪೈಥಾನ್ ಭಾಷೆಯಲ್ಲಿ ಗಾಡಿಯ ಮಾಡೆಲ್ ಬರೆದು ನೆನಪು ಮಾಡಿಕೊಂಡೆ.

ಹೊಸದಾಗಿ ಓದಬೇಕಾದದ್ದೂ ಇತ್ತು. ನಾನಿಲ್ಲದ ಏಳು ವರ್ಷದಲ್ಲಿ ಎಲೆಕ್ಟ್ರಿಕ್ ಕಾರುಗಳು ಜಾಸ್ತಿಯಾಗಿದ್ದವು. ಬ್ಯಾಟರಿಯಿಂದ ನೂರಾರು ಕೆಜಿ ಜಾಸ್ತಿ, ಹಾಗಾಗಿ ಸ್ಪ್ರಿಂಗ್ ಬಿಗಿ. ಆದರೆ ಭಾರ ಗಾಡಿಯ ತಳದಲ್ಲಿ ಇರುವುದರಿಂದ ವಾಲುವುದು ಕಡಿಮೆ, ಆ್ಯಂಟಿ ರೋಲ್ ಬಾರ್ ಸ್ವಲ್ಪ ಸಡಿಲಿಸಬಹುದು. ಅದು ಸಡಿಲಾದರೆ ತಲೆತೂಗು ಕಡಿಮೆಯಾಗುತ್ತದೆ. ಇದನ್ನು ಓದಿದಾಗ ಅಪ್ಪನ ನೆನಪಾಯಿತು. ಎಂಜಿನ್ ಸದ್ದು ಇಲ್ಲದ್ದರಿಂದ ಮುಂಚೆ ಮುಚ್ಚಿಹೋಗುತ್ತಿದ್ದ ಬುಷ್ ಸದ್ದು ಈಗ ಎಲ್ಲರಿಗೂ ಕೇಳುತ್ತದೆ. 2021ರಲ್ಲಿ ಇಂದೋರ್ ಹತ್ತಿರದ ಪೀಥಂಪುರದಲ್ಲಿ ನ್ಯಾಟ್ರಾಕ್ಸ್ ಅನ್ನುವ ವಾಹನ ಪರೀಕ್ಷಾ ಕೇಂದ್ರದ 11.3 ಕಿಲೋಮೀಟರ್ ಹೈಸ್ಪೀಡ್ ಟ್ರ್ಯಾಕ್ ಉದ್ಘಾಟನೆ ಆಗಿತ್ತು. ನಾನು ಬಿಡುವಾಗ ದೇಶದಲ್ಲಿ ಅಂಥದ್ದು ಇರಲಿಲ್ಲ.

2023ರಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮೂಲಕ ಪುಣೆಯಲ್ಲಿ ಒಂದು ಅವಕಾಶ ಬಂತು. ಈ ಸಲ ಫೋನ್ ಅಲ್ಲ, ಎರಡು ಕಾರು. ನೋಡಲು ಒಂದೇ ತರ, ಒಂದು ಭಾಗ ಮಾತ್ರ ಬೇರೆ. ಏನು ಬೇರೆ ಅಂತ ಹೇಳಬೇಕು. ನಾನು ಜೇಬಿನಿಂದ ಗೇಜ್ ತೆಗೆದು ಎಂಟೂ ಟೈರಿನ ಗಾಳಿ ನೋಡಿದೆ. ಮೊದಲನೆಯದು ಓಡಿಸಿದೆ, ಎರಡನೆಯದು ಓಡಿಸಿದೆ, ಮತ್ತೆ ಮೊದಲನೆಯದನ್ನು ಕೇಳಿ ಪಡೆದು ಓಡಿಸಿದೆ. ಈ ಮೂರನೇ ಸುತ್ತು ಬಿಡಬಾರದು. ಎರಡನೇ ಗಾಡಿಗೆ ಕೂರುವಷ್ಟರಲ್ಲಿ ನಮ್ಮ ಮೈ ಆ ರಸ್ತೆಗೆ ಹೊಂದಿಕೊಂಡಿರುತ್ತದೆ, ಹಾಗಾಗಿ ಎರಡನೆಯದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. 'ಎರಡನೆಯದರಲ್ಲಿ ಹಿಂಭಾಗ ಏಳುವಾಗ ಹಿಡಿತ ಕಡಿಮೆ, ಮುಂಭಾಗ ಅದೇ' ಅಂದೆ. ಸರಿಯಾಗಿತ್ತು. ಇನ್ನೊಂದು ಜೋಡಿ ಕೊಟ್ಟರು. ಮೂರು ಸುತ್ತು ಆದ ಮೇಲೆ 'ನನಗೆ ವ್ಯತ್ಯಾಸ ಗೊತ್ತಾಗುತ್ತಿಲ್ಲ' ಅಂದೆ. ಮುಂದಿನ ಸಬ್‌ಫ್ರೇಮಿನ, ಅಂದರೆ ಸಸ್ಪೆನ್ಷನ್ ಕೂರಿಸುವ ಚೌಕಟ್ಟಿನ, ಬುಷ್ ಬದಲಿಸಿದ್ದರಂತೆ. ಊಹೆ ಮಾಡಿ ಏನೋ ಒಂದು ಹೇಳಬಹುದಿತ್ತು. ಆದರೆ ನನ್ನ ಮಾತು ನಂಬಿ ಯಾರೋ ಒಂದು ಭಾಗದ ಅಚ್ಚು ಮಾಡಿಸುತ್ತಾರೆ, ಅಲ್ವಾ?

ಆರು ತಿಂಗಳ ಕಾಂಟ್ರ್ಯಾಕ್ಟ್ ಕೊಟ್ಟರು. ಬಿಟ್ಟಾಗ ಇದ್ದ ಹುದ್ದೆಗಿಂತ ಎರಡು ಮೆಟ್ಟಿಲು ಕೆಳಗೆ. ಸಂಬಳವೂ ಹಾಗೇ. ಟ್ರ್ಯಾಕಿನಲ್ಲಿ ಜೋರು ಓಡಿಸುವ ಪರವಾನಗಿಗೆ ಮತ್ತೆ ತರಬೇತಿ ತೆಗೆದುಕೊಂಡೆ. ಜೊತೆಗೆ ಕೂತು ಕಲಿಸಿದ ಹುಡುಗ ನನಗಿಂತ ಹನ್ನೆರಡು ವರ್ಷ ಚಿಕ್ಕವನು, ತುಂಬಾ ಒಳ್ಳೆಯ ಕೈ. ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಕಾಯಂ ಮಾಡಿಕೊಂಡರು.

ಈಗ ಒಂದು ಎಲೆಕ್ಟ್ರಿಕ್ ಕಾರಿನ ಹಿಂದಿನ ಶಾಕಪ್ ಮೇಲೆ ಕೆಲಸ ಮಾಡುತ್ತಿದ್ದೇನೆ. ತಲೆತೂಗು ಆರೂವರೆಗೆ ಬಂದು ನಿಂತಿದೆ. ತಂಡದಲ್ಲಿ ಕೆಲವರಿಗೆ ಅಷ್ಟು ಸಾಕು. ನನಗೆ ಏಳು ಬೇಕು. ಬಿಲ್ಲೆಗಳ ಒಂಬತ್ತನೇ ಜೋಡಣೆ ಹಾಕಿದ ಗಾಡಿ ನಾಳೆ ಬೆಳಗ್ಗೆ ಕೈಗೆ ಬರುತ್ತದೆ.